ಎಡಗಡೆ ನಾಬ್ ಮುಟ್ಟಬೇಡ

ಗುರ್ಯೆ, ಅಕ್ಟೋಬರ್ 6, 2008

ಭಾವಾ,

ಪೆಟ್ಟಿಗೆ ಬಂತು. ಅಂಚೆಯವನು ಅಂಗಡಿ ಬಾಗಿಲಲ್ಲಿ ದೊಪ್ಪನೆ ಇಳಿಸಿ, "ಏನ್ ಆಂಟಿ, ಬಂಡೆ ತರಿಸ್ಕೊಂಡ್ರಾ?" ಎಂದ. ಪರ್ಮ್ ಮಾಡಿಸಿಕೊಳ್ಳುತ್ತಿದ್ದ ಮೂವರು ಹೆಂಗಸರು ತಲೆ ತುಂಬ ಸುರುಳಿ ಸುತ್ತಿಕೊಂಡೇ ಎದ್ದು ಬಂದು ನೋಡಿದರು. ನನ್ನ ಪಾರ್ಲರಿನಲ್ಲಿ ಗುಟ್ಟು ಅನ್ನುವುದು ಒಂದು ತಾಸೂ ಉಳಿಯುವುದಿಲ್ಲ.

ಇಪ್ಪತ್ತೆರಡು ವರ್ಷ ಆದಮೇಲೆ ನಿಮ್ಮನ್ನು ಭಾವ ಅನ್ನಬೇಕೋ ಬೇಡವೋ ಅಂತ ಪೆನ್ನು ಹಿಡಿದು ಸುಮಾರು ಹೊತ್ತು ಕೂತೆ. ಬೇರೆ ಏನನ್ನಲಿ? 'ತಾಕ್ ಮ್ಯೊಂಗ್‌ಗಿಯವರೇ' ಅಂತ ಬರೆದರೆ ನನಗೇ ನಗು ಬರುತ್ತೆ. ನೀವು ಅಕ್ಕನನ್ನು ಬಿಟ್ಟಿರೋ, ಅಕ್ಕ ನಿಮ್ಮನ್ನು ಬಿಟ್ಟಳೋ, ನಾನಂತೂ ಯಾರನ್ನೂ ಬಿಟ್ಟಿಲ್ಲ.

ಫೋನಿನಲ್ಲಿ ಹೇಳೋಣವೆಂದರೆ ನೀವು ಎತ್ತುವುದಿಲ್ಲ. ಅದಕ್ಕೇ ಹೋದ ತಿಂಗಳು, ಹಾಡು ಹಿಡಿಯುವ ಯಂತ್ರ ಕಳಿಸಿ ಅಂತ ಆ ನಾಲ್ಕು ಸಾಲು ಗೀಚಿ ಹಾಕಿದ್ದೆ. ಈಗ ಪೂರ್ತಿ ಕೇಳಿ. ಗ್ವಾಂಗ್ಜುವಿನ ಡಾಕ್ಟರು ಅಕ್ಕನ ಗಂಟಲಿನ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಅಂದಿದ್ದಾರೆ. ನವೆಂಬರ್ ಹದಿನೈದಕ್ಕೆ ಆಸ್ಪತ್ರೆ ಸೇರಬೇಕು, ಹದಿನೇಳಕ್ಕೆ ಆಪರೇಷನ್. ಜೀವಕ್ಕೆ ಭಯವಿಲ್ಲವಂತೆ. ಆದರೆ ಆಮೇಲೆ ದನಿ ಅನ್ನುವುದೇ ಇರುವುದಿಲ್ಲ. ಪಿಸುಗುಟ್ಟುವುದಕ್ಕೂ ಆಗುವುದಿಲ್ಲ.

ನಲವತ್ತೈದು ವರ್ಷ ತಮಟೆಯ ಜೊತೆ ಪಾನ್ಸೊರಿ ಕಥೆಗಳನ್ನು ಹಾಡಿದವಳ ಒಂದು ಹಾಡೂ ಎಲ್ಲೂ ಉಳಿದಿಲ್ಲ ಭಾವಾ. ನಿಮ್ಮ ಸ್ಟುಡಿಯೋದಲ್ಲಿ ಆ ಜಗಳವಾದ ಮೇಲೆ ಅವಳು ಯಾವ ಮೈಕಿನ ಮುಂದೆಯೂ ನಿಂತವಳಲ್ಲ. ಹೋದ ತಿಂಗಳು ತಾನಾಗಿಯೇ ಬಾಯಿಬಿಟ್ಟಳು: "ಮಾಲ್‌ಸುಕ್, ಆ ಅಗಲಿಕೆಯ ಭಾಗ ಇದೆಯಲ್ಲ, ಅದೊಂದನ್ನ ಹಿಡಿದಿಡೋಣ ಕಣೇ." ನಾನು ಹಿತ್ತಲಿಗೆ ಹೋಗಿ ಅತ್ತುಬಂದೆ.

ಈ ಯಂತ್ರ ಗಿರಾಕಿಯೊಬ್ಬಳ ನೆಂಟರದ್ದು ಅಂತ ಸುಳ್ಳು ಹೇಳಿದ್ದೇನೆ. ನಿಮ್ಮ ಹೆಸರೆತ್ತಿದರೆ ಮುಖ ಗಂಟು ಹಾಕಿಕೊಂಡು ಕೂತುಬಿಡುತ್ತಾಳೆ. ಇನ್ನು ಇದನ್ನು ಹೇಗೆ ನಡೆಸುವುದು ಹೇಳಿ. ನನಗೆ ಗೊತ್ತಿರುವ ಯಂತ್ರ ಅಂದರೆ ಕೂದಲು ಒಣಗಿಸುವುದೊಂದೇ.

ಮಾಲ್‌ಸುಕ್


ಸೊಕ್ಚೊ, ಅಕ್ಟೋಬರ್ 10, 2008

ಮಾಲ್‌ಸುಕ್,

ನಿನ್ನ ಕಾಗದವನ್ನು ಮೂರು ಸಲ ಓದಿದೆ. ನಿನ್ನ ಅಕ್ಕ ಯೊನ್‌ಸಿಲ್ ವಿಷಯವಾಗಿ ಏನು ಬರೆಯಬೇಕೋ ನನಗೆ ತಿಳಿಯದು. ತಿಳಿದಿರುವುದನ್ನು ಬರೆಯುತ್ತೇನೆ.

ಪೆಟ್ಟಿಗೆಯಲ್ಲಿರುವ ಭಾರದ ಯಂತ್ರಕ್ಕೆ ಪ್ರೀಆಂಪ್ ಅನ್ನುತ್ತಾರೆ. ಮೈಕಿನಿಂದ ಬರುವ ದನಿ ತೀರ ಸಣ್ಣದು. ಅದನ್ನು ಮೊದಲು ಕೈಹಿಡಿದು ಎತ್ತುವುದು ಇದೇ. ಇಲ್ಲಿ ಕೆಟ್ಟರೆ ಮುಂದೆ ಯಾರೂ ಸರಿಮಾಡಲಾರರು. ನನ್ನ ಬಳಿ ಇದ್ದದ್ದರಲ್ಲೆಲ್ಲ ಒಳ್ಳೆಯದು ಇದು. ಸ್ಟುಡಿಯೋ ಮುಚ್ಚಿದಾಗ ಎಲ್ಲವನ್ನೂ ಮಾರಿದೆ, ಇದನ್ನು ಮಾರಲಿಲ್ಲ.

ಹಾಡುವುದಕ್ಕೆ ಅರ್ಧ ಗಂಟೆ ಮೊದಲೇ ಸ್ವಿಚ್ ಹಾಕು. ಒಳಗೆ ಬಲ್ಬಿನಂಥ ಎರಡು ವಾಲ್ವ್‌ಗಳಿವೆ, ಅವು ಕಾಯಬೇಕು. ಮುಚ್ಚಳ ಅಂಗೈಗೆ ಬೆಚ್ಚಗೆ ಹತ್ತಿದರೆ ತಯಾರಾಗಿದೆ ಎಂದು ತಿಳಿ. ಮೈಕು ಅವಳ ಬಾಯಿಂದ ಎರಡು ಗೇಣು ದೂರ, ಹಣೆಯ ಎತ್ತರದಲ್ಲಿ, ಸ್ವಲ್ಪ ಕೆಳಗೆ ಬಾಗಿರಲಿ.

ಎಡಗಡೆಯ ದೊಡ್ಡ ನಾಬ್, ದನಿಯನ್ನು ಎಷ್ಟು ಒಳಗೆ ತೆಗೆದುಕೊಳ್ಳಬೇಕು ಎಂಬುದಕ್ಕೆ. ಬಲಗಡೆಯದು, ಎಷ್ಟು ಹೊರಗೆ ಬಿಡಬೇಕು ಎಂಬುದಕ್ಕೆ. ಅವಳು ಅಭ್ಯಾಸ ಮಾಡುವಾಗ ಎಡಗಡೆಯದನ್ನು ಸರಿಯಾದ ಜಾಗಕ್ಕೆ ತಂದು ನಿಲ್ಲಿಸಿ ಗುರುತು ಹಾಕು. ಆಮೇಲೆ ಅವಳು ಹಾಡುತ್ತಿರುವಾಗ ಎಡಗಡೆ ನಾಬ್ ಮುಟ್ಟಬೇಡ. ಅದು ಮೆಟ್ಟಿಲು ಮೆಟ್ಟಿಲಾಗಿ ತಿರುಗುತ್ತದೆ. ಪ್ರತಿ ಮೆಟ್ಟಿಲಿಗೂ ಟಕ್ ಎನ್ನುತ್ತದೆ, ಆ ಸದ್ದು ಹಾಡಿನೊಳಗೆ ಕೂತುಬಿಡುತ್ತದೆ. ಮರೆಯದಿರಲೆಂದು ಪಕ್ಕದಲ್ಲೇ ಚೀಟಿ ಬರೆದು ಅಂಟಿಸಿದ್ದೇನೆ. ಮುಂಭಾಗದ ಗಾಜಿನೊಳಗೆ ಆಡುವ ಮುಳ್ಳು ಕೆಂಪು ಗೆರೆ ದಾಟಬಾರದು.

ತಮಟೆಗೆ ಉಮ್ ಅಜ್ಜನನ್ನೇ ಕರೆಸು. ಅವಳ ಪಕ್ಕದಲ್ಲೇ ಕೂರಿಸು. ಅವನು ಹುರಿದುಂಬಿಸುತ್ತ ಎಷ್ಟು ಬೇಕಾದರೂ "ಒಲ್ಸೂ!" ಎಂದು ಕೂಗಿಕೊಳ್ಳಲಿ, ತಡೆಯಬೇಡ. ಜಗಳದ ದಿನ ಸ್ಟುಡಿಯೋದಲ್ಲಿ ನಾನು ಅವನನ್ನು ಗಾಜಿನ ಆಚೆ ಕೂರಿಸಿ ಬಾಯಿ ಮುಚ್ಚಿಸಿದ್ದೆ. ಅವನ ಕೂಗಿಲ್ಲದೆ ಅವಳ ಹಾಡಿಗೆ ಜೀವವೇ ಬರಲಿಲ್ಲ. ನಾನು ಮಾತ್ರ "ಇನ್ನೊಂದು ಸಲ, ಇನ್ನೊಂದು ಸಲ" ಅನ್ನುತ್ತಲೇ ಇದ್ದೆ. ಆ ಮಾತನ್ನು ನೀನು ಅವಳಿಗೆ ಯಾವ ಕಾರಣಕ್ಕೂ ಹೇಳಬೇಡ.

ನನ್ನ ಹೆಸರು ಹೇಳದೇ ಇದ್ದದ್ದು ಸರಿ. ಫೋನಿಗೂ ನನಗೂ ಆಗಿಬರುವುದಿಲ್ಲ. ಕಾಗದವನ್ನೇ ಬರೆ.

ತಾಕ್ ಮ್ಯೊಂಗ್‌ಗಿ


ಗುರ್ಯೆ, ಅಕ್ಟೋಬರ್ 20, 2008

ಭಾವಾ,

ಅಯ್ಯೋ ರಾಮಾಯಣವೇ ಆಗಿಹೋಯಿತು. ಮೊದಲ ದಿನ ಏನೇ ಮಾಡಿದರೂ ಗುಂಯ್ ಅನ್ನುವ ಸದ್ದು. ಮೈಕು ಕೆಟ್ಟಿದೆ, ನಿಮ್ಮ ಹಾಗೇ ಮುದಿಯಾಗಿದೆ ಅಂತ ಬೈದುಕೊಂಡೆ. ಕೊನೆಗೆ ನೋಡಿದರೆ ಗೋಡೆಯಾಚೆಗಿನ ನನ್ನ ಕಿಮ್ಚಿ ಫ್ರಿಜ್ಜು. ಅದನ್ನು ಆರಿಸಿದೆ. ಹಿಂದಿನ ಕೋಣೆಯ ನಾಲ್ಕು ಗೋಡೆಗೂ ಚಳಿಗಾಲದ ಹಾಸಿಗೆಗಳನ್ನು ನೇತುಹಾಕಿದೆ. ಯಂತ್ರ ಕಾಯಲಿ ಅಂತ ಅರ್ಧ ಗಂಟೆ ಎದುರಿಗೆ ಕೂತಿದ್ದರೆ ಅಕ್ಕ ಇಣುಕಿ, "ಏನೇ, ಅದಕ್ಕೂ ಪರ್ಮ್ ಮಾಡ್ತಿದೀಯಾ?" ಅಂದಳು. ಬಹಳ ದಿನದ ಮೇಲೆ ನಕ್ಕಳು.

ಅವಳ ಅಭ್ಯಾಸ ನೋಡಿ ಎಡಗಡೆ ನಾಬನ್ನು ಏಳನೇ ಮೆಟ್ಟಿಲಿಗೆ ನಿಲ್ಲಿಸಿದೆ, ಉಗುರಿನ ಬಣ್ಣದಲ್ಲಿ ಚುಕ್ಕಿ ಇಟ್ಟೆ. ಅಲ್ಲಿ ಮುಳ್ಳು ಚೆನ್ನಾಗಿ ನಡುಮಧ್ಯೆ ಆಡುತ್ತದೆ. ತಮಟೆ ಇಲ್ಲದ್ದಕ್ಕೆ ತನ್ನ ತೊಡೆ ತಟ್ಟಿಕೊಂಡು ಹಾಡುತ್ತಾಳೆ. ಉಮ್ ಅಜ್ಜ ಸುನ್ಚೊನ್‌ನಿಂದ ಬಸ್ಸು ಹಿಡಿದು ಬರಬೇಕು, ಎಂಬತ್ತರ ಮುದುಕ, ರೆಕಾರ್ಡಿಂಗ್ ದಿನ ಒಂದೇ ಸಲ ಬರುತ್ತಾರಂತೆ.

ಪರೀಕ್ಷೆಗೆ ಹಿಡಿದ ಒಂದು ಸಿ.ಡಿ. ಜೊತೆಗಿದೆ. ಕೇಳಿ ಹೇಳಿ.

ಮಾಲ್‌ಸುಕ್


ಸೊಕ್ಚೊ, ಅಕ್ಟೋಬರ್ 24, 2008

ಮಾಲ್‌ಸುಕ್,

ಸಿ.ಡಿ. ತಲುಪಿತು. ಚೆನ್ನಾಗಿ ಹಿಡಿದಿದ್ದೀಯ. ನಡುವೆ ಎಲ್ಲೂ ಮುರಿದಿಲ್ಲ, ಹಿಂದೆ ಗುಂಯ್‌ಗುಡುವುದೂ ಇಲ್ಲ. ಯೊನ್‌ಸಿಲ್ ದನಿಗೆ ವಯಸ್ಸೇ ಆಗಿಲ್ಲ. ಕೇಳುತ್ತ ಕೇಳುತ್ತ ಕಣ್ಣು ತುಂಬಿ ಬಂತು.

ಮೂರು ಗೋಡೆಗೆ ಹಾಸಿಗೆ ಸಾಕು. ನಾಲ್ಕನೆಯದನ್ನು ಬಿಟ್ಟುಬಿಡು, ಅವಳಿಗೆ ಉಸಿರುಕಟ್ಟಿದಂತಾಗಬಾರದು.

ತಾಕ್ ಮ್ಯೊಂಗ್‌ಗಿ


ಗುರ್ಯೆ, ನವೆಂಬರ್ 1, 2008

ಭಾವಾ,

ನಕ್ಕು ನಕ್ಕು ಹೊಟ್ಟೆ ಹುಣ್ಣಾಯಿತು! ನಾನು ಅವಸರದಲ್ಲಿ ತಪ್ಪು ಸಿ.ಡಿ. ಕಳಿಸಿದ್ದೆ. ಅದರಲ್ಲಿ ಹಾಡಿರುವುದು ಅಕ್ಕ ಅಲ್ಲ, ಒಣಮೀನಿನ ಅಂಗಡಿಯ ಚುನ್‌ಜಾ! ಬಸ್ಸಿನಲ್ಲಿ ಕುಣಿಯುತ್ತಾ ಹಾಡುತ್ತಾರಲ್ಲ, ಅಂಥ ಹಾಡು. ಅದನ್ನು ಕೇಳಿ ನಿಮ್ಮ ಕಣ್ಣು ತುಂಬಿತೇ? ಚುನ್‌ಜಾಗೆ ಓದಿ ಹೇಳಿದೆ. "ಆ ಯಪ್ಪನಿಗೆ ಹೆಂಡತಿ ಇದಾಳಾ, ಇಲ್ಲಾಂದ್ರೆ ನಾನೇ ಹೋಗ್ತೀನಿ" ಅಂದಳು.

ಆಮೇಲೆ ನಗು ನಿಂತಿತು. ಮನಸ್ಸಿನಲ್ಲಿ ಒಬ್ಬಳನ್ನೇ ಇಟ್ಟುಕೊಂಡವರಿಗೆ ಯಾರು ಹಾಡಿದರೂ ಅವಳೇ ಹಾಡಿದಂತೆ ಕೇಳಿಸುತ್ತೆ ಅಂತ ಅನ್ನಿಸಿತು. ಇಷ್ಟು ಇಟ್ಟುಕೊಂಡವರು ಅವತ್ತೇ ಒಂದು ಮಾತು ಆಡಬಾರದಿತ್ತೇ ಭಾವಾ?

ಎಂಟನೇ ತಾರೀಖು ಶನಿವಾರ ಬೆಳಿಗ್ಗೆ ಹತ್ತಕ್ಕೆ ಉಮ್ ಅಜ್ಜ ಬರುತ್ತಾರೆ. ಪಾರ್ಲರ್ ಮುಚ್ಚುತ್ತೇನೆ. ಅಕ್ಕ ಬರೀ ಮರಸೇಬಿನ ಬಿಸಿನೀರು ಕುಡಿಯುತ್ತ ಗಂಟಲು ಕಾಯ್ದುಕೊಳ್ಳುತ್ತಿದ್ದಾಳೆ.

ಮಾಲ್‌ಸುಕ್


ಸೊಕ್ಚೊ, ನವೆಂಬರ್ 4, 2008

ಮಾಲ್‌ಸುಕ್,

ಗೇಲಿ ಮಾಡಿದ್ದು ಸಾಕು. ನನ್ನ ಸ್ಪೀಕರ್ ಹಳೆಯದು.

ಶನಿವಾರ ಮುಳ್ಳಿನ ಮೇಲೆ ಕಣ್ಣಿರಲಿ. ರೆಕಾರ್ಡಿಂಗ್ ಆದ ಕೂಡಲೇ ತುರ್ತು ಅಂಚೆಯಲ್ಲಿ ಕಳಿಸು. ಅವಳು ಆಸ್ಪತ್ರೆಗೆ ಹೋಗುವುದರೊಳಗೆ ನನ್ನ ಉತ್ತರ ಬರುತ್ತದೆ.

ತಾಕ್ ಮ್ಯೊಂಗ್‌ಗಿ


ಗುರ್ಯೆ, ನವೆಂಬರ್ 8, 2008, ಮಧ್ಯಾಹ್ನ

ಭಾವಾ,

ಆಯಿತು. ಅಂಚೆ ಕಚೇರಿಯ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ.

ಎಲ್ಲ ತಯಾರಾದ ಮೇಲೆ ಅಕ್ಕ, "ಮಷೀನು ಶುರು ಮಾಡಿ ನೀವಿಬ್ರೂ ಒಂದ್ನಿಮಿಷ ಆಚೆ ಹೋಗಿ" ಅಂದಳು. ಅಜ್ಜನಿಗೆ ಹಿತ್ತಲಿನ ಹಣ್ಣಿನ ಗಿಡ ತೋರಿಸುತ್ತ ನಿಂತಿದ್ದೆ. ಒಳಗೆ ಏನೋ ಮಾತಾಡುತ್ತಿದ್ದಳು. ಮೊದಲಲ್ಲಿ ಅದು ಇದೆ. ನಾನು ಕೇಳಿಲ್ಲ, ಕೇಳುವುದೂ ಇಲ್ಲ. ಯಾರಿಗೆ ಹೇಳಿದ್ದೋ ಅವರು ಕೇಳಿಕೊಳ್ಳಲಿ. ನಾನು ಹೇಳಿದ ಸುಳ್ಳು ಅವಳ ಮುಂದೆ ನಿಂತಿಲ್ಲ ಅಂತ ನನ್ನ ಅನುಮಾನ.

ಆಮೇಲೆ ಹಾಡು. ಏನು ಹೇಳಲಿ! ಅಭ್ಯಾಸದಲ್ಲಿ ಹಾಡಿದ್ದು ಬೇರೆ, ಇದೇ ಬೇರೆ. ಅಜ್ಜ ಮೊದಲ ಸಲ "ಒಲ್ಸೂ!" ಅಂದದ್ದೇ ತಡ, ಅವಳ ಬೆನ್ನು ನೆಟ್ಟಗಾಯಿತು. ಎರಡನೇ ಸಲ "ಹಾಂ, ಹಾಗೆ ಬಾ ತಾಯಿ!" ಅಂದರು. ಅಲ್ಲಿಂದ ಅವಳು ಹತ್ತಿದಳು ನೋಡಿ, ಗೋಡೆಯ ಹಾಸಿಗೆಗಳು ಅಲುಗಾಡಿದವು. ಮೇಲಿನ ಸಾಲು ಬಂದಾಗ ಮುಳ್ಳು ಕೆಂಪಿಗೆ ಹೋಗಿ ಕೂತಿತು. ಎಡಗಡೆ ಮುಟ್ಟಬಾರದಲ್ಲ, ಬಲಗಡೆಯದನ್ನು ಮೆಲ್ಲಗೆ ಇಳಿಸಿದೆ. ಮುಳ್ಳು ವಾಪಸು ಬಂತು. ಟಕ್ ಅಂತ ಒಂದು ಸದ್ದೂ ಆಗಲಿಲ್ಲ. ನೋಡಿದಿರಾ ನಿಮ್ಮ ನಾದಿನಿಯ ಜಾಣತನ!

ಒಂದೇ ಅನುಮಾನ. ಹೆಡ್‌ಫೋನಿನಲ್ಲಿ ಮೇಲಿನ ಸಾಲು ಕೇಳುವಾಗ ಬಟ್ಟೆ ಹರಿದಂತೆ ಏನೋ ಇದೆ. ಅದು ಅವಳ ಗಂಟಲಿನ ಒರಟೋ, ಯಂತ್ರದ್ದೋ ನನಗೆ ತಿಳಿಯಲಿಲ್ಲ. ಪಾನ್ಸೊರಿ ಗಂಟಲು ಒಡೆದೇ ಇರಬೇಕು ಅನ್ನುತ್ತಾರಲ್ಲ. ಅಜ್ಜನಿಗೆ ಹೆಡ್‌ಫೋನ್ ಹಾಕಿದರೆ "ಜೋರಾಗಿದೆ" ಅಂದು ಕಿತ್ತುಕೊಟ್ಟರು. ನೀವೇ ಹೇಳಬೇಕು. ಸರಿ ಇಲ್ಲ ಅಂದರೆ ಇನ್ನೂ ಏಳು ದಿನ ಇದೆ.

ಮಾಲ್‌ಸುಕ್


ಸೊಕ್ಚೊ, ನವೆಂಬರ್ 10, 2008

ಮಾಲ್‌ಸುಕ್,

ಬೆಳಿಗ್ಗೆ ತಲುಪಿತು. ಪೂರ್ತಿ ಕೇಳಿದೆ.

ಚೆನ್ನಾಗಿದೆ. ನೀನು ಹೇಳುವ ಒರಟು ಅವಳ ಗಂಟಲಿನದೇ, ಯಂತ್ರದ್ದಲ್ಲ. ಆ ಉಪ್ಪು ಇಲ್ಲದಿದ್ದರೆ ಅದು ಯೊನ್‌ಸಿಲ್ ಹಾಡೇ ಅಲ್ಲ. ಇನ್ನೊಂದು ಸಲ ಹಾಡಿಸುವ ಅಗತ್ಯವಿಲ್ಲ. ಅವಳು ವಿಶ್ರಾಂತಿ ತೆಗೆದುಕೊಳ್ಳಲಿ.

ಶುರುವಿನಲ್ಲಿ ಅಜ್ಜನ ಕೆಮ್ಮು ಸ್ವಲ್ಪ ಇದೆ, ಅದನ್ನು ಆಮೇಲೆ ಕತ್ತರಿಸಬಹುದು.

ತಾಕ್ ಮ್ಯೊಂಗ್‌ಗಿ


ಗುರ್ಯೆ, ನವೆಂಬರ್ 21, 2008

ಭಾವಾ,

ಆಪರೇಷನ್ ಮುಗಿಯಿತು. ಎಂಟು ತಾಸು ಹಿಡಿಯಿತು. ಕುತ್ತಿಗೆಯಲ್ಲಿ ತೂತು ಮಾಡಿದ್ದಾರೆ, ಅದರಲ್ಲೇ ಉಸಿರಾಡುತ್ತಾಳೆ. ಎಚ್ಚರವಾದಾಗ ನನ್ನನ್ನು ಕರೆಯಲು ಬಾಯಿ ತೆರೆದಳು. ತುಟಿ ಮಾತ್ರ ಆಡಿತು. ಅವಳಿಗೆ ಮೊದಲೇ ಗೊತ್ತಿತ್ತು, ನನಗೂ ಗೊತ್ತಿತ್ತು, ಆದರೂ ಇಬ್ಬರೂ ಬೆಚ್ಚಿದೆವು.

ನಿಮ್ಮ ಹತ್ತನೇ ತಾರೀಖಿನ ಕಾಗದವನ್ನು ಹೊರಡುವ ಮೊದಲೇ ತೋರಿಸಿದ್ದೆ. ಇನ್ನೇನು ಮುಚ್ಚಿಡುವುದು ಅಂತ. ಅಕ್ಕ ಹಿಂದುಮುಂದು ಎರಡು ಸಲ ತಿರುಗಿಸಿ ನೋಡಿ, "ಇಷ್ಟೇನಾ ಬರ್ದಿರೋದು?" ಅಂದಳು. ಅವಳ ಬಾಯಿಂದ ನಾನು ಕೇಳಿದ ಕೊನೆಯ ಮಾತುಗಳಲ್ಲಿ ಅದೂ ಒಂದು.

ಆಸ್ಪತ್ರೆಯಲ್ಲಿ ಸ್ಲೇಟು ಕೊಟ್ಟಿದ್ದಾರೆ. ದಿನಾ ಅದರಲ್ಲಿ ಬರೆಯುವುದು ಒಂದೇ: ಅಂಚೆ ಬಂತಾ? ಭಾವಾ, ಅವಳು ನಿಮಗೆ ಏನು ಹೇಳಿದಳೋ ನನಗೆ ಬೇಡ. ಎರಡು ಸಾಲು ಅವಳಿಗೆ ಬರೆಯಿರಿ. ನಿಮಗೆ ಕೈ ಮುಗಿಯುತ್ತೇನೆ.

ಮಾಲ್‌ಸುಕ್


ಸೊಕ್ಚೊ, ನವೆಂಬರ್ 25, 2008

ಮಾಲ್‌ಸುಕ್,

ಜೀವ ಉಳಿಯಿತಲ್ಲ, ಅದೇ ದೊಡ್ಡದು. ಬೇರೆ ಕಟ್ಟಿನಲ್ಲಿ ಒಣಗಿಸಿದ ಕಡಲ ಪಾಚಿ ಕಳಿಸಿದ್ದೇನೆ. ಸಾರು ಮಾಡಿ ಸೋಸಿ ಕೊಡು.

ನೀನು ಯಾವ ಮಾತಿನ ವಿಷಯ ಬರೆದಿದ್ದೀಯೋ ನನಗೆ ಸರಿಯಾಗಿ ತಿಳಿಯಲಿಲ್ಲ. ಹಳೆಯದನ್ನೆಲ್ಲ ಕೆದಕುವುದು ಬೇಡ ಎಂದು ಅವಳಿಗೆ ಹೇಳು. ಹಾಡು ಚೆನ್ನಾಗಿದೆ ಎಂದೂ ಹೇಳು.

ತಾಕ್ ಮ್ಯೊಂಗ್‌ಗಿ


ಗುರ್ಯೆ, ಡಿಸೆಂಬರ್ 3, 2008

ತಾಕ್ ಮ್ಯೊಂಗ್‌ಗಿಯವರೇ,

ಅಕ್ಕ ಮನೆಗೆ ಬರುವಷ್ಟರಲ್ಲಿ ಹಾಡನ್ನು ಸುಂದರವಾದ ಡಬ್ಬಿಯಲ್ಲಿ ಹಾಕಿಸಿ ಕೊಡೋಣವೆಂದು ನಿನ್ನೆ ಗ್ವಾಂಗ್ಜುವಿನಲ್ಲಿ ಸಿ.ಡಿ. ಮಾಡಿಕೊಡುವವನ ಹತ್ತಿರ ಹೋಗಿದ್ದೆ. ಅವನು ಮೇಲಿನ ಸಾಲು ಬರುತ್ತಲೇ ಮುಖ ಸಿಂಡರಿಸಿ ನಿಲ್ಲಿಸಿದ. "ಇದನ್ನ ಯಾರು ಪಾಸ್ ಮಾಡಿದ್ದು ಅಮ್ಮಾ?" ಅಂದ. ಯಂತ್ರ ಎಂಥದ್ದು, ಏನೇನು ತಿರುಗಿಸಿದೆ ಅಂತ ನನ್ನಿಂದ ಕೇಳಿ ತಿಳಿದುಕೊಂಡು ಹೇಳಿದ: "ಗಂಟಲಿನ ಒರಟು ಹೀಗಿರಲ್ಲ. ವಾಲ್ವು ತಡೀಲಾರದಷ್ಟು ಒಳಗೆ ತುಂಬಿದೀರ. ಎಡಗಡೆಯದನ್ನ ನಾಲ್ಕು ಮೆಟ್ಲು ಇಳಿಸಿ ಇನ್ನೊಂದ್ಸಲ ಹಾಡಿಸ್ಬಿಡಿ, ಹತ್ತು ನಿಮಿಷದ ಕೆಲಸ."

ಹತ್ತು ನಿಮಿಷದ ಕೆಲಸವಂತೆ. ನಾನು ಅವನ ಅಂಗಡಿಯ ಮೆಟ್ಟಿಲ ಮೇಲೆ ಕೂತುಬಿಟ್ಟೆ.

ಬಲಗಡೆ ತಿರುಗಿಸಿದ್ದು ನಾನು, ಒಪ್ಪಿಕೊಳ್ಳುತ್ತೇನೆ. ನಾನು ಪರ್ಮ್ ಮಾಡುವ ಹೆಂಗಸು, ನನಗೇನು ಗೊತ್ತು. ಆದರೆ ಕೇಳಿದ್ದೆನಲ್ಲ? ಬಟ್ಟೆ ಹರಿದಂತೆ ಇದೆ ಅಂತ ಬರೆದು ಕೇಳಿದ್ದೆನಲ್ಲ? ನಲವತ್ತು ವರ್ಷ ಅದೇ ಕಸುಬು ಮಾಡಿದವರಿಗೆ, ಈ ಪಡ್ಡೆ ಹುಡುಗನಿಗೆ ಒಂದು ಕ್ಷಣದಲ್ಲಿ ಕೇಳಿಸಿದ್ದು ಕೇಳಿಸಲಿಲ್ಲವೇ? ಐದು ದಿನ ಇತ್ತು. ಅವಳ ಗಂಟಲು ಅವಳ ಹತ್ತಿರವೇ ಇತ್ತು.

ಚೆನ್ನಾಗಿದೆ ಅಂತ ಯಾಕೆ ಬರೆದಿರಿ? ಅವಳ ಮೇಲೆ ಇನ್ನೂ ಸೇಡು ಇತ್ತೇ? ಹೇಳಿ.

ಬಾನ್ ಮಾಲ್‌ಸುಕ್


ಸೊಕ್ಚೊ, ಡಿಸೆಂಬರ್ 6, 2008

ಮಾಲ್‌ಸುಕ್,

ನನಗೆ ಕಿವಿ ಕೇಳಿಸುವುದಿಲ್ಲ.

ಆರು ವರ್ಷದ ಹಿಂದೆ ಎಡಗಿವಿ ಹೋಯಿತು. ಹೋದ ವರ್ಷದ ಜ್ವರದಲ್ಲಿ ಬಲಗಿವಿಯೂ ಹೋಯಿತು. ಸ್ಟುಡಿಯೋ ಮುಚ್ಚಿದ್ದು ವಯಸ್ಸಾಯಿತೆಂದಲ್ಲ. ಸೊಕ್ಚೊಗೆ ಬಂದದ್ದು ಇಲ್ಲಿ ನನ್ನ ಪರಿಚಯದವರು ಯಾರೂ ಇಲ್ಲವೆಂದು. ಪಕ್ಕದ ಮನೆಯವರು ನನ್ನನ್ನು ಗರ್ವಿಷ್ಠ ಎಂದುಕೊಂಡಿದ್ದಾರೆ. ಹಾಗೇ ಇರಲಿ ಎಂದು ಬಿಟ್ಟಿದ್ದೇನೆ.

ನಿನ್ನ ಸಿ.ಡಿ.ಗಳನ್ನು ಕಂಪ್ಯೂಟರಿನಲ್ಲಿ ಗೆರೆಗಳಾಗಿ ನೋಡಿದೆ. ಸ್ಪೀಕರಿನ ಮೇಲೆ ಬೆರಳಿಟ್ಟು ನಡುಕ ನೋಡಿದೆ. ಚುನ್‌ಜಾಳ ಹಾಡಿಗೆ ಕಣ್ಣು ತುಂಬಿದ್ದು ನಿಜ, ಬೆರಳಿನ ಕೆಳಗೆ ಯೊನ್‌ಸಿಲ್ ಇದ್ದಾಳೆಂದೇ ತಿಳಿದಿದ್ದೆ. ಎಂಟನೇ ತಾರೀಖಿನದರ ಗೆರೆಗಳು ಎಲ್ಲೂ ಮೇರೆ ಮೀರಿರಲಿಲ್ಲ. ಬಲಗಡೆಯದನ್ನು ಇಳಿಸಿದೆ ಎಂದು ನೀನು ಬರೆದಿದ್ದೆ. ಅದನ್ನು ಓದಿದಾಗಲೇ ನನಗೆ ಹೊಳೆಯಬೇಕಿತ್ತು. ಮುಳ್ಳು ತೋರಿಸುವುದು ಹೊರಗೆ ಹೋಗುವುದನ್ನು ಮಾತ್ರ, ಒಳಗೆ ಹರಿದದ್ದನ್ನು ಅದು ತೋರಿಸುವುದಿಲ್ಲ. ಅದಕ್ಕೆ ಕಿವಿಯೇ ಬೇಕು.

ಅಭ್ಯಾಸದಲ್ಲಿ ಇಟ್ಟ ಗುರುತು ಉಮ್ ಅಜ್ಜನ ಒಂದೇ ಕೂಗಿಗೆ ಸಾಲದೆ ಹೋಗುತ್ತದೆಂದು ನಿನಗೆ ಹೇಳಬೇಕಾದವನು ನಾನು. ಅವನನ್ನು ಪಕ್ಕದಲ್ಲಿ ಕೂರಿಸು ಎಂದೆ, ಕೂಗಲಿ ಬಿಡು ಎಂದೆ. ಕೂಗಿಗೆ ಅವಳು ಎಷ್ಟು ಏರುತ್ತಾಳೆಂದು ಲೆಕ್ಕ ಹಾಕಲಿಲ್ಲ. ನನ್ನ ಸ್ಟುಡಿಯೋದಲ್ಲಿ ಅಷ್ಟು ವರ್ಷ ತಮಟೆಯವರನ್ನು ಗಾಜಿನಾಚೆ ಇಟ್ಟವನಿಗೆ ಅದು ಗೊತ್ತೇ ಇರಲಿಲ್ಲ. ನಿನ್ನ ತಪ್ಪು ಇದರಲ್ಲಿ ಎಳ್ಳಷ್ಟೂ ಇಲ್ಲ.

ಬೇರೆಯವರ ಕೈಲಿ ಕೇಳಿಸಬಹುದಿತ್ತು. ಬೀದಿಯಲ್ಲಿ ಹೋಗುವ ಯಾರನ್ನಾದರೂ ಕರೆದು ಕೇಳಬಹುದಿತ್ತು. ತಾಕ್ ಮ್ಯೊಂಗ್‌ಗಿ ಕಿವುಡ ಎಂಬ ಮಾತು ಒಬ್ಬರ ಬಾಯಲ್ಲೂ ಬರಬಾರದು ಎಂಬ ಹಟಕ್ಕೆ ಅವಳ ದನಿಯನ್ನು ಕಳೆದೆ. ಸೇಡಲ್ಲ ಮಾಲ್‌ಸುಕ್. ಸೇಡಾಗಿದ್ದರೆ ಇದಕ್ಕಿಂತ ವಾಸಿಯಿತ್ತು.

ಶುರುವಿನಲ್ಲಿ ಗೆರೆ ಸಣ್ಣಗೆ ಅಲುಗಿತ್ತು. ಅಲ್ಲಿ ಅವಳ ಮಾತಿದೆ ಎಂದು ನೀನು ಬರೆದಿದ್ದರೂ, ಏನೆಂದು ಕೇಳಿದರೆ ನನ್ನ ಗುಟ್ಟು ಬಯಲಾದೀತೆಂದು ಅಜ್ಜನ ಕೆಮ್ಮು ಎಂದು ಬರೆದು ತಪ್ಪಿಸಿಕೊಂಡೆ. ಅವಳು ಏನು ಹೇಳಿದ್ದಾಳೆ?

ತಾಕ್ ಮ್ಯೊಂಗ್‌ಗಿ


ಗುರ್ಯೆ, ಡಿಸೆಂಬರ್ 10, 2008

ಭಾವಾ,

ನಿಮ್ಮ ಕಾಗದ ಓದಿ ಮೊದಲು ಸಿಟ್ಟು ನೆತ್ತಿಗೇರಿತು. ಆಮೇಲೆ ಪಾರ್ಲರಿನ ಕುರ್ಚಿಯ ಮೇಲೆ ಕೂತು ಚಿಕ್ಕ ಮಗುವಿನ ಹಾಗೆ ಅತ್ತೆ. ಅಷ್ಟು ಸಲ ಫೋನು ಮಾಡಿ ಮಾಡಿ ನಿಮ್ಮನ್ನು ಬೈದೆನಲ್ಲ, ಅದು ನಿಮಗೆ ಕೇಳಿಸದೆ ನಿಮ್ಮ ಪಕ್ಕದಲ್ಲೇ ಬಡಿದುಕೊಳ್ಳುತ್ತಿದ್ದುದು ನನ್ನ ಕಣ್ಣಿಗೆ ಕಟ್ಟಿತು.

ಕೇಳುವುದಿಲ್ಲ ಅಂದಿದ್ದನ್ನು ಇವತ್ತು ಕೇಳಿದೆ. ಅದು ಎಲ್ಲೂ ಹರಿದಿಲ್ಲ. ಮೆಲ್ಲಗೆ ಮಾತಾಡಿದ್ದಾಳಲ್ಲ, ನೀರಿನಷ್ಟು ತಿಳಿಯಾಗಿದೆ. ಅವಳು ನುಂಗಿದ ಉಗುಳೂ ಕೇಳಿಸುತ್ತದೆ. ಒಂದಕ್ಷರ ಬಿಡದೆ ಬರೆಯುತ್ತಿದ್ದೇನೆ:

"ರೀ, ನಾನು. ಅವರಿಬ್ರನ್ನೂ ಆಚೆ ಕಳ್ಸಿದೀನಿ. ಈ ಮಷೀನು ಯಾರದ್ದು ಅಂತ ಮೊದಲ ದಿನವೇ ಗೊತ್ತಾಯ್ತು, ಚೀಟೀಲಿರೋದು ನಿಮ್ಮ ಅಕ್ಷರ ಅಲ್ವಾ? ಮಾಲ್‌ಸುಕ್ ಸುಳ್ಳು ಹೇಳೋವಾಗ ಪಾಪ ಬೆವರ್ತಾಳೆ, ಅದಕ್ಕೆ ಸುಮ್ನಿದ್ದೆ. ಅವತ್ತು ಹದಿನೇಳು ಸಲ ಹಾಡ್ಸಿದ್ರಿ. ಹದಿನೆಂಟನೇ ಸಲಕ್ಕೆ ಎದ್ದು ಹೋದೆ, ಮನೆಗೂ ಬರ್ಲಿಲ್ಲ. ಅವತ್ತು ನೀವು ಹೇಳಿದ್ದು ಸರಿ ಇತ್ತು ರೀ. ಒಂದ್ಸಲಾನೂ ಚೆನ್ನಾಗಿ ಬಂದಿರ್ಲಿಲ್ಲ. ನಂಗೂ ಗೊತ್ತಿತ್ತು, ಒಪ್ಕೊಳ್ಳೋಕೆ ಆಗ್ಲಿಲ್ಲ. ಇವತ್ತು ಹಾಡ್ತೀನಿ. ಸರಿಯಾಗಿ ಕೇಳಿ. ಸರಿ ಇಲ್ಲಾಂದ್ರೆ ಇನ್ನೊಂದ್ಸಲ ಅನ್ನಿ. ಹದಿನೈದರ ತನಕ ಗಂಟಲು ನಂದೇ. ಎಷ್ಟು ಸಲ ಅಂದ್ರೂ ಹಾಡ್ತೀನಿ. ಈ ಸಲ ಎದ್ದು ಹೋಗಲ್ಲ."

ಇಷ್ಟೇ. ಆಮೇಲೆ ನನ್ನನ್ನು ಕೂಗಿ ಕರೆಯುತ್ತಾಳೆ.

ಅಕ್ಕ ಮನೆಗೆ ಬಂದಿದ್ದಾಳೆ. ಹಾಡು ಕೇಳಿಸು ಅಂತ ದಿನಾ ಸ್ಲೇಟಿನಲ್ಲಿ ಬರೆಯುತ್ತಾಳೆ. ಯಂತ್ರ ರಿಪೇರಿಗೆ ಹೋಗಿದೆ ಅಂತ ಬೆವರುತ್ತ ಸುಳ್ಳು ಹೇಳುತ್ತಿದ್ದೇನೆ. ಇನ್ನು ನನ್ನ ಕೈಲಾಗುವುದಿಲ್ಲ ಭಾವಾ. ನೀವೇ ಬಂದು ಹೇಳಿ.

ಮಾಲ್‌ಸುಕ್


ಗುರ್ಯೆ, ಡಿಸೆಂಬರ್ 20, 2008

ಭಾವಾ,

ಗುರುವಾರ ನೀವು ಬಂದಾಗ ನಾನು ಬೇಕೆಂದೇ ಅಂಗಡಿಯಲ್ಲಿದ್ದೆ. ನೀವು ಹೊರಟಾಗ ಊಟಕ್ಕೆ ನಿಲ್ಲಿ ಅಂತ ಬೆನ್ನ ಹಿಂದೆ ಕೂಗಿದೆ. ಕೂಗಿದ ಮೇಲೆ ನೆನಪಾಯಿತು. ಓಡಿಬರುವಷ್ಟರಲ್ಲಿ ಬಸ್ಸು ಹೋಗಿತ್ತು.

ಒಳಗೆ ಏನಾಯಿತೋ ಅಕ್ಕ ಹೇಳುತ್ತಿಲ್ಲ. ಸ್ಲೇಟು ಒರೆಸಿಟ್ಟಿದ್ದಾಳೆ. ಆದರೆ ಅವತ್ತು ಸಂಜೆ ಎರಡು ಬಟ್ಟಲು ಗಂಜಿ ಕುಡಿದಳು. ಆಸ್ಪತ್ರೆಯಿಂದ ಬಂದ ಮೇಲೆ ಇದೇ ಮೊದಲು. ಅವಳು ನಿಮಗೆ ಏನು ಬರೆದಳು? ನೀವು ಏನು ಹೇಳಿದಿರಿ? ನನಗೆ ತಿಳಿಯಲೇಬೇಕು.

ಮಾಲ್‌ಸುಕ್


ಸೊಕ್ಚೊ, ಡಿಸೆಂಬರ್ 24, 2008

ಮಾಲ್‌ಸುಕ್,

ಕಿವಿಯ ವಿಷಯ ಮೊದಲು ಹೇಳಿದೆ. ಆಮೇಲೆ ಹೆಡ್‌ಫೋನನ್ನು ನಾನೇ ಅವಳ ತಲೆಗೆ ಹಾಕಿದೆ. ಅವಳು ಕಣ್ಣು ಮುಚ್ಚಿ ತೊಡೆಯ ಮೇಲೆ ಬೆರಳಿನಿಂದ ತಾಳ ಹಾಕುತ್ತಿದ್ದಳು. ನಾನು ಆ ಬೆರಳನ್ನೇ ನೋಡುತ್ತಿದ್ದೆ. ಮೇಲಿನ ಸಾಲಿಗೆ ಬಂದಾಗ ಅದು ನಿಂತಿತು.

ಸ್ಲೇಟು ತೆಗೆದುಕೊಂಡು ಬರೆದಳು: ಹರಿದಿದೆ.

ನಾನು ನೆಲಕ್ಕೆ ಹಣೆ ಹಚ್ಚಿದೆ. ಅವಳು ನನ್ನ ಭುಜ ತಟ್ಟಿ ಎಬ್ಬಿಸಿದಳು. ಒರೆಸಿ ಮತ್ತೆ ಬರೆದಿದ್ದಳು: ಕಿವಿ ಕೇಳಿಸ್ತಿದ್ದರೆ 'ಇನ್ನೊಂದು ಸಲ' ಅಂತಿದ್ರಿ, ಅಲ್ವಾ?

ಹೌದೆಂದು ತಲೆಯಾಡಿಸಿದೆ. ಅವಳ ಮುಖ ಬಿಚ್ಚಿಕೊಂಡಿತು. ಇದು ಕಿವಿಯ ದೋಷ, ಮನಸ್ಸಿನದಲ್ಲ ಎಂದು ಅವಳಿಗೆ ಸಮಾಧಾನವಾಯಿತು ಎಂದು ಕಾಣುತ್ತದೆ. ನನ್ನ ಕೈಯನ್ನು ತನ್ನ ಕೈಯಲ್ಲಿ ತೆಗೆದುಕೊಂಡು ಕೂತಳು. ನನಗೆ ಅಲ್ಲಿ ಕೂರಲಾಗಲಿಲ್ಲ, ಎದ್ದು ಬಂದೆ.

ಯಾಕೆಂದರೆ ಅದು ಸುಳ್ಳು ಮಾಲ್‌ಸುಕ್. ನಿನ್ನ ಸಿ.ಡಿ. ಬರುವುದಕ್ಕೆ ಎರಡು ದಿನ ಮೊದಲೇ, ಚೆನ್ನಾಗಿದೆ ಎಂಬ ಆ ಕಾಗದವನ್ನು ಬರೆದಿಟ್ಟಿದ್ದೆ. ಅಜ್ಜನ ಕೆಮ್ಮಿನ ಸಾಲೂ ನಿನ್ನ ಅನುಮಾನಕ್ಕೆ ಕೊಟ್ಟ ಉತ್ತರವೂ ಮಾತ್ರ ಆಮೇಲೆ ಸೇರಿಸಿದ್ದು. ಕಿವಿ ನೆಟ್ಟಗಿದ್ದಿದ್ದರೂ, ಆ ಹರಿದದ್ದು ನನಗೆ ಕೇಳಿಸಿದ್ದಿದ್ದರೂ, ನಾನು 'ಇನ್ನೊಂದು ಸಲ' ಅನ್ನುತ್ತಿರಲಿಲ್ಲ. ಅವಳು ಮತ್ತೆ ಎದ್ದು ಹೋಗುತ್ತಾಳೆಂಬ ಹೆದರಿಕೆ ಇಪ್ಪತ್ತೆರಡು ವರ್ಷದಿಂದ ನನ್ನಲ್ಲಿತ್ತು. ಅವಳು ಈ ಸಲ ಕೂತೇ ಇದ್ದಳು, ಆ ಒಂದು ಮಾತಿಗಾಗಿ ಏಳು ದಿನ ಕಾದಳು.

ಇದನ್ನು ನಿನಗೊಬ್ಬಳಿಗೇ ಬರೆಯುತ್ತಿದ್ದೇನೆ. ಓದಿ ಒಲೆಗೆ ಹಾಕು. ಕಿವಿ ಇದ್ದಿದ್ದರೆ ಗಂಡ ಹೇಳುತ್ತಿದ್ದ ಎಂದೇ ಅವಳು ನಂಬಿಕೊಂಡಿರಲಿ.

ತಾಕ್ ಮ್ಯೊಂಗ್‌ಗಿ